ಬಕ್ಕೇಶ ಮಾತಾಡುತ್ತಿದ್ದ, ನಾನು ಸ್ಕ್ರೂ ಮಾಡುತ್ತಿದ್ದೆ

೧೦ ಜೂನ್ ೨೦೨೪, ಸೋಮವಾರ

ಬಕ್ಕೇಶನದು ಬರೀ ಕೆಮ್ಮಲ್ಲ ಅಂತ ಇವತ್ತು ಗೊತ್ತಾಯಿತು. ಎಡಗಡೆ ಶ್ವಾಸಕೋಶದಲ್ಲಿ ಗಡ್ಡೆ ಇದೆಯಂತೆ. ಮೂಳೆಗೂ ಇಳಿದಿದೆಯಂತೆ. ಡಾಕ್ಟರು ಅವನನ್ನು ಹೊರಗೆ ಕೂರಿಸಿ, ಅವನ ಹೆಂಡತಿ ನಯನಮ್ಮನನ್ನೂ ನನ್ನನ್ನೂ ಒಳಗೆ ಕರೆದು ಹೇಳಿದರು. ಹುಬ್ಬಳ್ಳಿಗೆ ಹೋಗಿ ಔಷಧಿ ಏರಿಸಿಕೊಂಡರೆ ವರ್ಷದ ತನಕ ಎಳೆಯಬಹುದು ಅಂದರು. ವಾಸಿಯಾಗುವ ಮಾತು ಆಡಲಿಲ್ಲ.

ಹೊರಗೆ ಬರುವ ಮೊದಲು ನಯನಮ್ಮ ಬಾಗಿಲ ಹತ್ತಿರ ನನ್ನನ್ನು ತಡೆದರು. "ಅವರಿಗೆ ಗೊತ್ತಾಗೋದು ಬ್ಯಾಡ ಅಣ್ಣ. ಎದೆಯಾಗೆ ನೀರು ತುಂಬೈತೆ ಅಂತ ಹೇಳೋಣ. ನಿಜ ಗೊತ್ತಾದ್ರೆ ಇವತ್ತೇ ಅರ್ಧ ಹೋಗಿಬಿಡ್ತಾರೆ." ನಾನು ತಲೆಯಾಡಿಸಿದೆ. ಅತ್ತೆಗೂ ಹೇಳುವುದಿಲ್ಲ, ನಿಮಗೊಬ್ಬರಿಗೇ ಗೊತ್ತಿರಲಿ ಅಂದರು.

ಬೆಂಚಿನ ಮೇಲೆ ಬಕ್ಕೇಶ ಪಕ್ಕದವರ ಹತ್ತಿರ ಅವರ ಊರಿನ ಮಿಲ್ಲಿನ ವಿಚಾರ ಕೇಳುತ್ತಿದ್ದ. ಆಸ್ಪತ್ರೆಯಲ್ಲೂ ಗಿರಾಕಿ ಹುಡುಕುತ್ತಾನೆ.

ಹರಿಹರದ ಕೈಗಾರಿಕಾ ಪ್ರದೇಶದ ಹಿಂದಿನ ಸಾಲಿನಲ್ಲಿ ನಮ್ಮ ಶೆಡ್ಡು. ಸ್ಕ್ರೂ ಕನ್ವೇಯರ್ ಬಿಟ್ಟು ಬೇರೇನೂ ಮಾಡುವುದಿಲ್ಲ. ಉದ್ದನೆಯ ತೊಟ್ಟಿ, ಅದರೊಳಗೆ ಸುರುಳಿ ಬ್ಲೇಡು ಸುತ್ತಿದ ಶಾಫ್ಟು. ಅದು ತಿರುಗಿದರೆ ಈ ತುದಿಗೆ ಸುರಿದ ಭತ್ತವೋ ತೌಡೋ ಮೆಕ್ಕೆಜೋಳವೋ ಆ ತುದಿಗೆ ಹೋಗಿ ಬೀಳುತ್ತದೆ. ಗಿರಾಕಿ ತರುವುದು, ಅಳತೆ, ಚೌಕಾಸಿ, ಜಗಳ, ನಗು ಎಲ್ಲ ಅವನದು. ತಗಡು ಕೊಯ್ದು ಬ್ಲೇಡು ಎಳೆಯುವುದು, ವೆಲ್ಡಿಂಗು ನನ್ನದು. ನನಗೆ ಚಿಕ್ಕಂದಿನಿಂದ ಉಗ್ಗು. ಹೊಸಬರ ಮುಂದೆ ಬಾಯಿ ತೆರೆದರೆ ಮೊದಲ ಅಕ್ಷರದಲ್ಲೇ ನಿಂತುಬಿಡುತ್ತೇನೆ. ಐಟಿಐನಲ್ಲಿ ಒಂದೇ ಬೆಂಚಿಗೆ ಕೂತಾಗಿನಿಂದ ಹೊರಗಿನವರ ಹತ್ತಿರ ನನ್ನ ಮಾತನ್ನೂ ಅವನೇ ಆಡುತ್ತ ಬಂದ. ನಾವಿಬ್ಬರೇ ಇದ್ದಾಗ ಮಾತ್ರ ಹಾಗಲ್ಲ. ನನ್ನ ಮಾತು ಬರುವ ತನಕ ಕಾಯುತ್ತಾನೆ. ಬೀಡಿ ಹಚ್ಚುವುದಿಲ್ಲ, ಅತ್ತಿತ್ತ ನೋಡುವುದಿಲ್ಲ, ಸುಮ್ಮನೆ ಕಾಯುತ್ತಾನೆ.

ನಿಟ್ಟುವಳ್ಳಿಯ ಮನೆಗೆ ಬಂದು ಹೆಂಡತಿ ಪುಷ್ಪಾಗೆ ಹೇಳಿದೆ. ಅವಳು ಅಡುಗೆಮನೆಯಲ್ಲಿ ಅತ್ತಳು. ನನಗೆ ಅಳು ಬರಲಿಲ್ಲ. ಅದಕ್ಕೇ ಕೂತು ಇದನ್ನು ಬರೆದೆ.

೧೪ ಜೂನ್, ಶುಕ್ರವಾರ

ಬಕ್ಕೇಶ ಹುಬ್ಬಳ್ಳಿಯಲ್ಲಿದ್ದಾನೆ. ಶೆಡ್ಡಿನಲ್ಲಿ ನನ್ನ ಫೋನು ಬಡಿದುಕೊಂಡಿತು. ಹೊಸ ನಂಬರು. ಎತ್ತಲಿಲ್ಲ.

೧೯ ಜೂನ್, ಬುಧವಾರ

ಮಲೆಬೆನ್ನೂರಿಗೆ ಹೋಗಿದ್ದೆ. ಪಂಚಾಕ್ಷರಪ್ಪನವರ ದನದ ಹಿಂಡಿ ಮಿಲ್ಲು. ಹೋದ ವರ್ಷ ಅವರ ಮೆಕ್ಕೆಜೋಳಕ್ಕೆ ಸ್ಕ್ರೂ ಮಾಡಿಕೊಟ್ಟಿದ್ದೆವು, ಚೆನ್ನಾಗಿ ನಡೆಯುತ್ತಿದೆ. ಈಗ ಸಕ್ಕರೆ ಕಾರ್ಖಾನೆಯ ಅಂಟು ಕಾಕಂಬಿ ಬೆರೆಸಿದ ಹಿಂಡಿಯನ್ನು ಮಿಕ್ಸರಿನಿಂದ ಚೀಲ ತುಂಬುವ ಕಡೆ ಸಾಗಿಸಲು ಇನ್ನೊಂದು ಬೇಕಂತೆ. "ಅಂಥದ್ದೇ ಇನ್ನೊಂದು ಮಾಡಿಬಿಡ್ರಿ" ಅಂದರು.

ಅಂಥದ್ದು ಆಗುವುದಿಲ್ಲ. ಜೋಳ ಉರುಳುವ ಕಾಳು, ಎಲ್ಲೂ ನಿಲ್ಲುವುದಿಲ್ಲ. ಕಾಕಂಬಿ ಕಲಸಿದ ಹಿಂಡಿ ಬ್ಲೇಡೂ ಶಾಫ್ಟೂ ಸೇರುವ ಮೂಲೆಯಲ್ಲಿ ಹಿಡಿಯುತ್ತದೆ, ಅದರ ಮೇಲೆ ಇನ್ನಷ್ಟು, ಕೊನೆಗೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೆ ರಿಬ್ಬನ್ ಸ್ಕ್ರೂ ಬೇಕು. ಅದರಲ್ಲಿ ಬ್ಲೇಡು ಶಾಫ್ಟಿಗೆ ಅಂಟಿರುವುದಿಲ್ಲ, ಪಟ್ಟಿಯಂತೆ ಬಿಡಿಯಾಗಿ, ಸಣ್ಣ ಕಡ್ಡಿಗಳ ಮೇಲೆ ನಿಂತಿರುತ್ತದೆ. ನಡುವೆ ಜಾಗ ಇರುವುದರಿಂದ ಅಂಟಿಗೆ ಹಿಡಿಯಲು ಮೂಲೆ ಸಿಗುವುದಿಲ್ಲ.

ಇಷ್ಟನ್ನು ಹೇಳಬೇಕಿತ್ತು. "ರಿ" ಅಂದೆ. ಮುಂದಕ್ಕೆ ಹೋಗಲಿಲ್ಲ. "ರಿ, ರಿ" ಅಂದೆ. ಅವರು ಮರ್ಯಾದೆಗೆ ಕರೆಯುತ್ತಿದ್ದೇನೆ ಅಂದುಕೊಂಡು "ಹೇಳ್ರಿ" ಅಂದರು. ಗುಮಾಸ್ತರು ರಿಪೇರಿನಾ ಅಂತ ಕೇಳಿದರು. ಇನ್ನೊಬ್ಬರು ರಿಯಾಯ್ತಿನಾ ಅಂದರು. ಪಂಚಾಕ್ಷರಪ್ಪ, ರಿಯಾಯ್ತಿ ನಾವು ಕೇಳಬೇಕಪ್ಪ ಅಂತ ನಕ್ಕರು. ಕೆಟ್ಟ ಮನುಷ್ಯರಲ್ಲ. ನನ್ನ ಕಷ್ಟ ನೋಡಲಾರದೆ ಕಣ್ಣು ಬೇರೆ ಕಡೆ ತಿರುಗಿಸಿಕೊಂಡರು.

ನಾನು ಹೂಂ ಅಂದೆ. ಅಳತೆ ಬರೆದುಕೊಂಡು ಬಂದೆ.

೧೧ ಜುಲೈ, ಗುರುವಾರ

ಮಲೆಬೆನ್ನೂರಿನವರು ಕೇಳಿದ್ದನ್ನೇ ಮಾಡಿ ಕೂರಿಸಿ ಬಂದೆ. ಒಣ ತೌಡು ಹಾಕಿ ಓಡಿಸಿದೆವು, ನೀರಿನ ಹಾಗೆ ಹೋಯಿತು. ಕಾಕಂಬಿ ಇನ್ನೂ ಬಂದಿರಲಿಲ್ಲ. ಪಂಚಾಕ್ಷರಪ್ಪ ಬೆನ್ನು ತಟ್ಟಿದರು. ಕೆಲಸ ಸರಿಯಾಯಿತು ಅಂತ ಸಂಜೆ ಬಕ್ಕೇಶನಿಗೆ ಹೇಳಿದೆ. ಅವನಿಗೆ ಕೇಳುವ ತ್ರಾಣವೂ ಇರಲಿಲ್ಲ. ಔಷಧಿ ಏರಿಸಿದ ವಾರ ಅನ್ನ ಕಂಡರೆ ವಾಂತಿ.

೩೦ ಜುಲೈ, ಮಂಗಳವಾರ

ಬೆಳಿಗ್ಗೆಯೇ ಪಂಚಾಕ್ಷರಪ್ಪನವರ ಫೋನು. ಸ್ಕ್ರೂ ಗಂಟೆಗೊಂದು ಸಲ ಕಟ್ಟಿಕೊಳ್ಳುತ್ತಿದೆ, ಬಂದು ನೋಡ್ರಿ. ಮಳೆಯಲ್ಲೇ ಬೈಕು ಹತ್ತಿದೆ.

ಮಿಲ್ಲಿನೊಳಗೆ ಹೋದಾಗ ಸ್ಕ್ರೂ ಓಡುತ್ತಿತ್ತು. ತೊಟ್ಟಿಯ ಮೇಲಿನ ಮುಚ್ಚಳ ಇರಲಿಲ್ಲ, ಬೋಲ್ಟು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಹಲಗೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ನನ್ನ ಅವ್ವನ ವಯಸ್ಸು. ಬಲಗೈಯಲ್ಲಿ ಕೋಲು ಹಿಡಿದು ತಳ್ಳುತ್ತ, ಎಡಗೈಯಿಂದ ಗಟ್ಟಿಯಾದ ಹಿಂಡಿಯನ್ನು ಕಿತ್ತು ಕಿತ್ತು ಮುಂದಕ್ಕೆ ಹಾಕುತ್ತಿದ್ದಳು. ತಿರುಗುವ ಬ್ಲೇಡಿನ ಅಂಚು ಅವಳ ಬಳೆಯ ಹತ್ತಿರವೇ ಹಾದು ಹೋಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ತುದಿ ಜೋತಾಡುತ್ತಿತ್ತು.

ನಾನು ಕೂಗಿದೆ. ಕೈ ತೆಗೀರಿ ಅಂತ. ಓಡಿ ಹೋಗಿ ಮೇನ್ ಸ್ವಿಚ್ ಎಳೆದೆ. ಇಡೀ ಮಿಲ್ಲು ನಿಂತಿತು, ಮಿಕ್ಸರೂ ಸೇರಿ.

ಆ ಹೆಂಗಸಿನ ಹೆಸರು ದುರುಗವ್ವ. ಅವಳು ಹೆದರಿರಲಿಲ್ಲ, ನಾನು ಹೆದರಿದ್ದೆ. "ತಿನ್ನಿಸಿದ್ರೇ ತಿಂತೈತಪ್ಪ ನಿಮ್ಮ ಮಿಷಿನ್ನು. ಸುಮ್ನಿದ್ರೆ ನಿಂತುಬಿಡ್ತೈತೆ" ಅಂದಳು. ಆಫೀಸಿನಿಂದ ಪಂಚಾಕ್ಷರಪ್ಪ ಬಂದರು. ಹೊರಗೆ ಲಾರಿ ಕಾಯುತ್ತಿದೆ, ಯಾರನ್ನು ಕೇಳಿ ಆಫ್ ಮಾಡಿದಿರಿ ಅಂತ ಸಿಟ್ಟಾದರು. ಅವರಿಗೆ ಎಲ್ಲ ಹೇಳಿದೆ. ಕಾಕಂಬಿ ಎಲ್ಲಿ ಹಿಡಿಯುತ್ತದೆ ಅಂತ ಬೆರಳಿಟ್ಟು ತೋರಿಸಿದೆ. ರಿಬ್ಬನ್ ಅಂದರೇನು ಅಂತ ನೆಲದ ತೌಡಿನ ಮೇಲೆ ಚಿತ್ರ ಬರೆದೆ. ಅದು ಬೇಕು ಅಂತ ಜೂನಿನಲ್ಲೇ ನನಗೆ ಗೊತ್ತಿತ್ತು, ಹೇಳದೆ ಹೋದೆ ಅಂದೆ. ಬ್ಲೇಡು ಬದಲಾಯಿಸಿಕೊಡುವುದು ನನ್ನ ಜವಾಬ್ದಾರಿ, ಅಲ್ಲಿಯ ತನಕ ಹಿಂಡಿಯನ್ನು ಬುಟ್ಟಿಯಲ್ಲಿ ಹೊರಿಸಿ ಅಂದೆ.

ಅವರು ಇವತ್ತೊಂದು ದಿನ ಓಡಿಸೋಣ, ಲೋಡು ಹೋಗಲಿ ಅಂದರು.

"ಮುಚ್ಚಳ ಇಲ್ದೆ ಇದನ್ನ ಓಡ್ಸಾಕೆ ನಾನು ಬಿಡಲ್ಲ. ಈಕೆ ಕೈ ಹೋದ್ರೆ ನೀವೂ ಹಾಕ್ಕೊಡಾಕಾಗಲ್ಲ, ನಾನೂ ಹಾಕ್ಕೊಡಾಕಾಗಲ್ಲ."

ಮೋಟಾರಿನ ಬೆಲ್ಟು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಬಂದೆ. ಅರ್ಧ ದಾರಿಗೆ ಬಂದ ಮೇಲೆ ಹೊಳೆಯಿತು, ಒಂದು ಅಕ್ಷರದಲ್ಲೂ ನಾನು ನಿಂತಿರಲಿಲ್ಲ.

೨ ಆಗಸ್ಟ್, ಶುಕ್ರವಾರ

ಬಕ್ಕೇಶನ ಮನೆಗೆ ಹೋಗಿದ್ದೆ. ತಲೆಗೂದಲು ಪೂರ್ತಿ ಹೋಗಿದೆ, ಹುಬ್ಬೂ ಇಲ್ಲ. ಕಸ್ತೂರಮ್ಮ, ಅವನ ತಾಯಿ, ತಲೆಗೆ ಹತ್ತಿಯ ಟೊಪ್ಪಿಗೆ ಹೊಲಿದುಕೊಟ್ಟಿದ್ದಾರೆ.

ಮಲೆಬೆನ್ನೂರಿನದು ಹೇಳಿದೆ. ಅವನು ದಿಂಬಿಗೆ ಒರಗಿದ್ದವನು ಎದ್ದು ಕೂತ. ನೀನೇನಂದೆ, ಅವರೇನಂದರು, ಆಮೇಲೆ ನೀನೇನಂದೆ ಅಂತ ಎರಡು ಸಲ ಹೇಳಿಸಿದ. ಬೆಲ್ಟು ಬಿಚ್ಚಿಕೊಂಡು ಬಂದೆ ಅಂದಾಗ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಕಣ್ಣಲ್ಲಿ ನೀರು. ಕೆಮ್ಮಿದ್ದಕ್ಕೆ.

ಆಮೇಲೆ ಕೇಳಿದ. "ಲೇ ಸಿದ್ದ, ಅವತ್ತು ಡಾಕ್ಟ್ರ ರೂಮಿನಾಗೆ ನೀನಿದ್ದೆ. ನಂಗೇನಾಗೈತೆ?"

ಬಾಯಿ ತೆರೆದೆ. "ನಿ" ಅಂದೆ. "ನಿ, ನಿ" ಅಂದೆ. ಅವನು ಕಾದ. ಯಾವತ್ತೂ ಕಾಯುವ ಹಾಗೆಯೇ, ನನ್ನ ಮುಖ ನೋಡುತ್ತ. ನಯನಮ್ಮ ಗಂಜಿ ತಂದರು. ನಾನು ಎದ್ದೆ.

೩ ಆಗಸ್ಟ್, ಶನಿವಾರ

ನಿನ್ನೆ ಮಾತು ನಿಂತಿರಲಿಲ್ಲ. ನಾನೇ ಹಿಡಿದುಕೊಂಡಿದ್ದೆ. ಅವನಿಗೆ ಅದು ಗೊತ್ತಾಗಿದೆ.

೨೧ ಆಗಸ್ಟ್, ಬುಧವಾರ

ರಿಬ್ಬನ್ ಸ್ಕ್ರೂ ಕೂರಿಸಿ ಬಂದೆ. ಪಟ್ಟಿಯನ್ನು ಸುರುಳಿ ಎಳೆಯುವುದು ಸುಲಭವಲ್ಲ, ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸಡಿಲ. ಎರಡು ಸಲ ಕೆಟ್ಟಿತು. ಇವತ್ತು ಕಾಕಂಬಿ ಬೆರೆಸಿದ ಹಿಂಡಿ ಮಧ್ಯಾಹ್ನದ ತನಕ ನಿಲ್ಲದೆ ಹೋಯಿತು. ಮುಚ್ಚಳಕ್ಕೆ ಒಂದು ಸ್ವಿಚ್ ಇಟ್ಟಿದ್ದೇನೆ, ಎತ್ತಿದರೆ ಮೋಟಾರು ನಿಲ್ಲುತ್ತದೆ. ದುರುಗವ್ವ ಎತ್ತಿ ನೋಡಿದಳು, ಇಳಿಸಿ ನೋಡಿದಳು, ಮತ್ತೆ ಎತ್ತಿದಳು. ಪಂಚಾಕ್ಷರಪ್ಪ ಸಾಕು ಬಿಡು ತಾಯಿ ಅಂದರು. ನನಗೆ ಊಟ ಹಾಕಿಸಿಯೇ ಕಳಿಸಿದರು.

ಬಕ್ಕೇಶ ಫೋನು ಮಾಡಿದ ಗಿರಾಕಿಗಳಿಗೆಲ್ಲ ನನ್ನ ನಂಬರು ಕೊಡುತ್ತಿದ್ದಾನೆ. ಇವತ್ತು ಜಗಳೂರು ಕಡೆಯ ಅಕ್ಕಿ ಮಿಲ್ಲಿನವರು ಮಾಡಿದ್ದರು. ಬಾಯ್ಲರಿನ ಹೊಟ್ಟಿನ ಬೂದಿಯನ್ನು ಮೇಲಕ್ಕೆ ಏರಿಸಬೇಕಂತೆ. ತೆರೆದ ತೊಟ್ಟಿ ಬೇಡ, ಬೂದಿ ಹಾರಿ ಕೆಲಸದವರ ಎದೆ ಸೇರುತ್ತದೆ, ಮುಚ್ಚಿದ ಪೈಪಿನೊಳಗೆ ಸ್ಕ್ರೂ ಹಾಕೋಣ ಅಂದೆ. ಬೂದಿ ಬ್ಲೇಡನ್ನು ಉಜ್ಜಿ ತಿನ್ನುತ್ತದೆ, ಆದ್ದರಿಂದ ಅಂಚಿಗೆ ಗಟ್ಟಿ ವೆಲ್ಡಿಂಗು ಬೇಕು, ನಿಧಾನಕ್ಕೆ ತಿರುಗಿಸಬೇಕು ಅಂದೆ. ನಿನ್ನೆ ಇನ್ನೊಬ್ಬರು ಕೊಳಚೆ ನೀರು ಶುದ್ಧ ಮಾಡುವ ಕಡೆಯವರು. ಅಲ್ಲಿ ಬಟ್ಟೆ, ನಾರು, ಕೂದಲು ಎಲ್ಲ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಶಾಫ್ಟೇ ಇಲ್ಲದ, ದಪ್ಪ ಸುರುಳಿ ಒಂದೇ ಇರುವ ಸ್ಕ್ರೂ ಬೇಕಾಗುತ್ತದೆ, ಅದನ್ನು ನಾವು ಇನ್ನೂ ಮಾಡಿಲ್ಲ ಅಂತ ನಿಜ ಹೇಳಿದೆ.

ಪುಷ್ಪಾ ಯಾರ ಜತೆ ಇಷ್ಟೊತ್ತು ಮಾತಾಡಿದಿರಿ ಅಂದಳು. ಬೂದಿ ವಿಚಾರ ಅಂದೆ. ಅವಳು ಫೋನನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ತಟ್ಟೆ ಹಾಕಿದಳು.

೧೫ ಸೆಪ್ಟೆಂಬರ್, ಭಾನುವಾರ

ಹೇಳಿಬಿಟ್ಟೆ.

ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಯನಮ್ಮ ಔಷಧಿ ಅಂಗಡಿಗೆ ಹೋಗಿದ್ದರು, ಕಸ್ತೂರಮ್ಮ ಪಕ್ಕದ ಮನೆಯಲ್ಲಿದ್ದರು. ಬಕ್ಕೇಶ ಈಗ ಒಂದು ವಾಕ್ಯಕ್ಕೆ ಎರಡು ಸಲ ಉಸಿರೆಳೆಯುತ್ತಾನೆ. "ನಾಳೆ ಮತ್ತೆ ಹುಬ್ಬಳ್ಳಿ ಅಂತಾಳೆ. ಹೋಗಿ ಬಂದ ವಾರ ನಾನು ಮನುಷ್ಯ ಆಗಿರಲ್ಲ ಸಿದ್ದ. ಹೋಗ್ಲೋ ಬ್ಯಾಡೋ ಅಂತ ನಾನು ಹೆಂಗೆ ತೀರ್ಮಾನ ಮಾಡ್ಲಿ? ಏನಾಗೈತೆ ಅಂತಾನೇ ಗೊತ್ತಿಲ್ಲ" ಅಂದ.

ಗಡ್ಡೆ ಅಂದೆ. ಎಲ್ಲಿದೆ, ಎಲ್ಲಿಗೆ ಹಬ್ಬಿದೆ ಹೇಳಿದೆ. ಡಾಕ್ಟರು ಹೇಳಿದ ವರ್ಷದ ಮಾತೂ ಹೇಳಿದೆ. ಯಾವುದನ್ನೂ ಸಣ್ಣದು ಮಾಡಲಿಲ್ಲ. ಅವನು ಕಿಟಕಿ ಕಡೆ ನೋಡುತ್ತ ಕೇಳಿಸಿಕೊಂಡ. ಬೀದಿಯಲ್ಲಿ ಗಣಪತಿಯ ಪೆಂಡಾಲು ಬಿಚ್ಚುತ್ತಿದ್ದರು, ಬಿದಿರು ಬೀಳುವ ಸದ್ದು ಕೇಳುತ್ತಿತ್ತು.

"ಅಂದ್ಕೊಂಡಿದ್ದೆ" ಅಂದ. ನನ್ನ ಕೈ ಹಿಡಿದುಕೊಂಡ. ಇಷ್ಟು ವರ್ಷದಲ್ಲಿ ನಾವು ಕೈ ಹಿಡಿದುಕೊಂಡವರಲ್ಲ.

೧೬ ಸೆಪ್ಟೆಂಬರ್, ಸೋಮವಾರ

ಬಕ್ಕೇಶ ಹುಬ್ಬಳ್ಳಿಗೆ ಹೋಗುವುದಿಲ್ಲ ಅಂದನಂತೆ. ಕಾರು ಬಂದು ವಾಪಸ್ಸು ಹೋಯಿತಂತೆ.

ಸಂಜೆ ಅವರ ಮನೆಗೆ ಹೋದೆ. ನಯನಮ್ಮ ಬಾಗಿಲಲ್ಲೇ ನಿಂತರು. ಒಳಗೆ ಕರೆಯಲಿಲ್ಲ. ಅಳುತ್ತಿರಲಿಲ್ಲ, ಅತ್ತು ಮುಗಿದಿತ್ತು.

"ನಿಮಗೆ ಮಾತು ಬರಲ್ಲ ಅಂದ್ಕೊಂಡಿದ್ದೆ ಅಣ್ಣ. ಅದಕ್ಕೇ ನಿಮ್ಮನ್ನ ಒಳಗೆ ಕರ್ಕೊಂಡಿದ್ದು. ಅದಕ್ಕೇ ನಿಮಗೊಬ್ಬರಿಗೇ ಗೊತ್ತಾಗಾಕೆ ಬಿಟ್ಟಿದ್ದು."

ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡೆ.

"ಇನ್ನು ಬರಬ್ಯಾಡ್ರಿ" ಅಂದರು. ಬಾಗಿಲು ಜೋರಾಗಿ ಹಾಕಲಿಲ್ಲ. ಮೆಲ್ಲಗೆ ಮುಂದಕ್ಕೆ ತಳ್ಳಿದರು.

೨೯ ಸೆಪ್ಟೆಂಬರ್, ಭಾನುವಾರ

ಬೈಕಿನಲ್ಲಿ ಬಕ್ಕೇಶನ ಬೀದಿ ಹಾದು ಹೋದೆ. ಅವನ ಚಪ್ಪಲಿ ಹೊರಗಿತ್ತು. ನಿಲ್ಲಿಸಲಿಲ್ಲ.

ನಾನು ಹೇಳದಿದ್ದರೆ ಔಷಧಿ ಹಾಕಿಸಿಕೊಳ್ಳುತ್ತಿದ್ದ. ಹಾಕಿಸಿಕೊಂಡಿದ್ದರೆ ಬೇಸಿಗೆ ನೋಡುತ್ತಿದ್ದನೋ ಏನೋ. ಪುಷ್ಪಾ ಹಾಗೆಲ್ಲ ಯೋಚಿಸಬೇಡಿ ಅನ್ನುತ್ತಾಳೆ. ಬೇರೆ ಹೇಗೆ ಯೋಚಿಸಬೇಕು ಅಂತ ಅವಳಿಗೂ ಗೊತ್ತಿಲ್ಲ.

೧೧ ಅಕ್ಟೋಬರ್, ಶುಕ್ರವಾರ, ಆಯುಧಪೂಜೆ

ಶೆಡ್ಡು ತೊಳೆದು, ವೆಲ್ಡಿಂಗ್ ಸೆಟ್ಟಿಗೂ ಕಟ್ಟರಿಗೂ ಕುಂಕುಮ ಹಚ್ಚಿ, ಚೆಂಡುಹೂವು ಕಟ್ಟುತ್ತಿದ್ದೆ. ಬಾಗಿಲಿಗೆ ಆಟೋ ಬಂತು. ಬಕ್ಕೇಶ ಇಳಿದ. ನಯನಮ್ಮ ಆಟೋದಲ್ಲೇ ಕೂತಿದ್ದರು, ರಸ್ತೆಯ ಆ ಕಡೆ ನೋಡುತ್ತ.

ಅವನು ತುಂಬ ಹಗುರಾಗಿದ್ದಾನೆ. ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಪಂಚೆಯ ಮೇಲೆ ಹೊಸ ಅಂಗಿ ಹಾಕಿದ್ದ, ಕುತ್ತಿಗೆಯ ಹತ್ತಿರ ಜೋಲುತ್ತಿತ್ತು. ಜಗಳೂರಿನ ಬೂದಿಯ ಸ್ಕ್ರೂ ಮುಗಿದು ಸ್ಟ್ಯಾಂಡಿನ ಮೇಲಿತ್ತು. ಕುರ್ಚಿ ಹತ್ತಿರಕ್ಕೆ ಎಳೆ ಅಂದ. ಬ್ಲೇಡಿನ ಅಂಚಿನ ವೆಲ್ಡಿಂಗನ್ನು ಬೆರಳಿನಿಂದ ಸವರಿ ನೋಡಿದ. ಖಾಲಿಯೇ ಒಂದು ಸಲ ತಿರುಗಿಸು ಅಂದ. ತಿರುಗಿಸಿದೆ. ಸುರುಳಿ ಮುಂದಕ್ಕೆ ಹೋಗುತ್ತಲೇ ಇರುವ ಹಾಗೆ ಕಾಣುತ್ತದೆ, ಹೋಗುವುದಿಲ್ಲ. ಅವನು ಅದನ್ನೇ ನೋಡುತ್ತ ಕೂತ. ಸಾಕು ಅನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಕುಂಬಳಕಾಯಿ ನಾನು ಒಡೆದೆ. ಪ್ರತಿ ವರ್ಷ ಅವನು ಒಡೆಯುತ್ತಿದ್ದ.

ಹೊರಡುವಾಗ ಹೇಳಿದ. ಗೊತ್ತಾದ ಮೇಲೆ ಅವನೂ ನಯನಮ್ಮನೂ ಮದುವೆಯಾದಾಗಿನಿಂದ ಆಡದ ಮಾತೆಲ್ಲ ಆಡಿದರಂತೆ. ಮಕ್ಕಳಾಗದ ವಿಚಾರವನ್ನೂ ಆಡಿದರಂತೆ, ಅದನ್ನು ಇಷ್ಟು ವರ್ಷ ಯಾರೂ ಎತ್ತಿರಲಿಲ್ಲ. "ನೀನು ಹೇಳಿದ್ದು ಒಳ್ಳೇದಾತು. ಅವಳಿಗೆ ಸಿಟ್ಟೈತೆ. ಇರ್ಲಿ ಬಿಡು, ಇರಬೇಕಲ್ಲ" ಅಂದ.

ಆಟೋ ಹತ್ತಿಸಿದೆ. ನಯನಮ್ಮನಿಗೆ ಪ್ರಸಾದ ಕೊಟ್ಟೆ. ತೆಗೆದುಕೊಂಡರು. ನನ್ನ ಮುಖ ನೋಡಲಿಲ್ಲ.

೬ ನವೆಂಬರ್, ಬುಧವಾರ

ಬಕ್ಕೇಶ ಹೋದ.

೭ ನವೆಂಬರ್, ಗುರುವಾರ

ಅವರ ಪದ್ಧತಿಯಂತೆ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಕೂತಿದ್ದರಿಂದ ಈಗ ಏನೋ ಹೇಳುತ್ತಾನೆ ಅನ್ನಿಸುತ್ತಿತ್ತು. ಮಲೆಬೆನ್ನೂರಿನಿಂದ ಪಂಚಾಕ್ಷರಪ್ಪ ಬಂದಿದ್ದರು. ಕಸ್ತೂರಮ್ಮ ಮಗನ ಟೊಪ್ಪಿಗೆ ಹಿಡಿದುಕೊಂಡು ಒಂದೇ ಕಡೆ ಕೂತಿದ್ದರು.

ಹೊಲದಲ್ಲಿ ಸಮಾಧಿ. ಮಣ್ಣು ಕೊಡುವಾಗ ನನ್ನ ಸರದಿ ಬಂತು. ವಿಭೂತಿ ಗಟ್ಟಿ, ಬಿಲ್ವಪತ್ರೆ, ಮಣ್ಣು. ಇಡೀ ದಿನ ನಾನು ಯಾರ ಹತ್ತಿರವೂ ಒಂದು ಮಾತೂ ಆಡಲಿಲ್ಲ. ಆಡಲು ಹೋಗಲೂ ಇಲ್ಲ. ಯಾರೂ ತಪ್ಪು ತಿಳಿಯಲಿಲ್ಲ, ಸಿದ್ದೇಶ ಅಂದರೆ ಹಾಗೇ ಅಂತ ಎಲ್ಲರಿಗೂ ಗೊತ್ತು.

ಮನೆಗೆ ಬಂದು ಸ್ನಾನ ಮಾಡುವಾಗ ಅಳು ಬಂತು.

೧೯ ನವೆಂಬರ್, ಮಂಗಳವಾರ

ಶೆಡ್ಡಿಗೆ ಹೋಗಿ ಬೀಗ ತೆಗೆದು, ಕೂತು, ಬೀಗ ಹಾಕಿ ಬಂದೆ.

೨ ಡಿಸೆಂಬರ್, ಸೋಮವಾರ

ಮಧ್ಯಾಹ್ನ ನಯನಮ್ಮ ಶೆಡ್ಡಿಗೆ ಬಂದರು. ನಾನು ವೆಲ್ಡಿಂಗು ನಿಲ್ಲಿಸಿ ಕುರ್ಚಿ ಒರೆಸಿಕೊಟ್ಟೆ. ಕೂರಲಿಲ್ಲ. ಬಕ್ಕೇಶನ ಫೋನನ್ನು ಚಾರ್ಜರಿನ ಸಮೇತ ಮೇಜಿನ ಮೇಲಿಟ್ಟರು.

ದಿನಾ ಯಾರಾದರೂ ಮಾಡುತ್ತಾರಂತೆ. ದೂರದೂರಿನ ಮಿಲ್ಲಿನವರು, ಸುದ್ದಿ ಗೊತ್ತಿಲ್ಲದವರು. ಬಕ್ಕೇಶಣ್ಣ ಎಲ್ಲಿ, ಯಾವಾಗ ಸಿಗುತ್ತಾರೆ ಅನ್ನುತ್ತಾರಂತೆ. "ಪ್ರತಿ ಸಲ ಹೇಳಾಕೆ ನನ್ನ ಕೈಲಿ ಆಗಲ್ಲ. ನೀವೇ ಹೇಳ್ರಿ" ಅಂದರು.

ಆಗಲಿ ಅಂದೆ. ಮನೆಗೆ ಏನಾದರೂ ಬೇಕಾದರೆ ಹೇಳಿ ಅಂದೆ, ಕಸ್ತೂರಮ್ಮ ಊಟ ಮಾಡುತ್ತಿದ್ದಾರಾ ಅಂತ ಕೇಳಿದೆ, ಶೆಡ್ಡಿನಲ್ಲಿ ಅವನ ಪಾಲು ಇನ್ನು ನಿಮ್ಮದು, ಅದು ಹಾಗೇ ಇರುತ್ತದೆ ಅಂದೆ. ಎಲ್ಲವನ್ನೂ ಕೇಳಿಸಿಕೊಂಡರು. ಬಾಗಿಲ ಹತ್ತಿರ ಹೋಗಿ ತಿರುಗಿದರು.

"ಅವತ್ತು ನೀವು ಮಾಡಿದ್ದು ಸರಿನೋ ತಪ್ಪೋ, ನಂಗಿನ್ನೂ ಗೊತ್ತಾಗ್ತಿಲ್ಲ ಅಣ್ಣ."

ನನಗೂ ಗೊತ್ತಿಲ್ಲ ಅಂದೆ.

೫ ಡಿಸೆಂಬರ್, ಗುರುವಾರ

ಇವತ್ತು ಬಕ್ಕೇಶನ ಫೋನಿಗೆ ಮಾಯಕೊಂಡದಿಂದ ಕರೆ ಬಂತು. ಮೆಕ್ಕೆಜೋಳದ ವ್ಯಾಪಾರಿ, ಹಳೆಯ ಗಿರಾಕಿ, ನಾನು ಮುಖ ನೋಡಿಲ್ಲ. ಬಕ್ಕೇಶಣ್ಣ ಆರಾಮಾ ಅಂದರು. ಬಕ್ಕೇಶ ಅಲ್ಲ, ನಾನು ಸಿದ್ದೇಶ ಮಾತಾಡೋದು ಅಂದೆ.

ಅವರು ನಕ್ಕರು. "ಸಿದ್ದೇಶಣ್ಣ ಎಲ್ಲಿ ಮಾತಾಡ್ತಾರ್ರಿ? ತಮಾಷಿ ಬ್ಯಾಡ ಬಕ್ಕೇಶಣ್ಣ."

ಅಲ್ಲ ಅನ್ನುವಷ್ಟರಲ್ಲಿ ಅವರು ಶುರು ಮಾಡಿಬಿಟ್ಟರು. ಈ ಸಲ ಜೋಳ ಚೆನ್ನಾಗಿ ಬಂದಿದೆಯಂತೆ. ಗೋದಾಮು ದೊಡ್ಡದು ಮಾಡಿದ್ದಾರಂತೆ, ನಮ್ಮ ಹಳೆಯ ಸ್ಕ್ರೂವನ್ನು ಇನ್ನಷ್ಟು ಉದ್ದ ಮಾಡಲು ಬರುತ್ತದಾ ಅಂತ ಕೇಳಬೇಕಿತ್ತಂತೆ. ಹೋದ ಸಲ ನೀವು ಬಂದಾಗ ನಮ್ಮನೆಯಾಕೆ ಮಾಡಿದ ಮಂಡಕ್ಕಿ ಒಗ್ಗರಣೆ ಮೂರು ತಟ್ಟೆ ತಿಂದಿರಿ, ಅದನ್ನು ಇವತ್ತಿಗೂ ಹೇಳುತ್ತಾಳೆ ಅಂದರು. ಮಗಳ ಮದುವೆ ಗೊತ್ತಾಗಿದೆ, ನೀವು ಬರಲೇಬೇಕು ಅಂದರು.

ನಾನು ನಡುವೆ ಬಾಯಿ ಹಾಕಲಿಲ್ಲ. ಅವರು ಮಾತು ಮುಗಿಸುವ ತನಕ ಕಾದೆ. ಅಷ್ಟು ಹೊತ್ತು ಮಾಯಕೊಂಡದಲ್ಲಿ ಬಕ್ಕೇಶ ಇದ್ದ.

ಆಮೇಲೆ ಹೇಳಿದೆ.